ಶಾಲು ಹೊದಿಸಿದ ವಿಮರ್ಶೆ

ನಾಟಕವನ್ನು ನೋಡದೆಯೇ ಅದರ ಬಗ್ಗೆ ಮಾತನಾಡುವ ಅಪೂರ್ವ ವಿದ್ಯೆ ನಮ್ಮ ಮುಖ್ಯ ಅತಿಥಿಗಳಿಗೆ ಒಲಿದಿದೆ. ಕಳೆದ ವಾರ ಶಿವಮೊಗ್ಗದ ಹವ್ಯಾಸಿ ಹುಡುಗರ ನಾಟಕಕ್ಕೆ ಬಂದಿದ್ದ ಮಹನೀಯರು ದೀಪ ಬೆಳಗಿಸಿದ ಕೂಡಲೇ "ಇಂಥ ಅಭಿನಯವನ್ನು ನಾನು ಇದುವರೆಗೆ ಕಂಡಿಲ್ಲ" ಎಂದು ಘೋಷಿಸಿ, ಶಾಲು, ಪೇಟ, ಹಣ್ಣಿನ ಬುಟ್ಟಿಯ ಸಮೇತ, ಮೊದಲ ಗಂಟೆ ಬಾರಿಸುವುದರೊಳಗೆ ಕಾರು ಹತ್ತಿದ್ದನ್ನು ನೀವೂ ನೋಡಿದ್ದೀರಿ. ಕಂಡಿಲ್ಲ ಎಂಬ ಮಾತಂತೂ ಅಕ್ಷರಶಃ ಸತ್ಯ.

ಕೊನೆಯವರೆಗೂ ಕುಳಿತ ಹಿರಿಯರ ಔದಾರ್ಯ ಇನ್ನೂ ದೊಡ್ಡದು. ಪರದೆ ಬಿದ್ದದ್ದೇ ತಡ, ನೇಪಥ್ಯಕ್ಕೆ ನುಗ್ಗಿದ ಒಬ್ಬರು, ಅರ್ಧ ಬಣ್ಣ ಒರೆಸಿಕೊಂಡಿದ್ದ ಹುಡುಗನ ಭುಜ ತಟ್ಟಿ, "ಇನ್ನೂ ಸ್ವಲ್ಪ ಎನರ್ಜಿ ಬೇಕಿತ್ತಪ್ಪಾ" ಎಂದರು. ಎಲ್ಲಿ, ಎಷ್ಟು, ಯಾವ ಮಾತಿಗೆ ಎಂದು ಅವರು ಹೇಳಲಿಲ್ಲ. ಆ ಹುಡುಗ ಶರಾವತಿಯಿಂದ ನೇರವಾಗಿ ತಂತಿ ಎಳೆಸಿಕೊಳ್ಳಬೇಕೋ ಏನೋ. ಇನ್ನೊಬ್ಬರು ಮೈಕೇ ಇಲ್ಲದ ತಮ್ಮ ಕಾಲದ ನಾಟಕಗಳನ್ನು ನೆನೆಯುತ್ತ, ಈ ಹುಡುಗರ ನಾಟಕವನ್ನು ಮರೆತೇಬಿಟ್ಟರು.

ಹೇಳುವುದಕ್ಕೆ ಏನೂ ಇರಲಿಲ್ಲವೆಂದಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುತ್ತದೆ, ಇಲ್ಲ ಎಂಬುದೂ ಅದರ ಬಾಲಕ್ಕೇ ಅಂಟಿಕೊಂಡಿರುತ್ತದೆ. ನಾಯಕಿಯ ಪಾತ್ರದ ಹುಡುಗಿ "ಅಪ್ಪ ಮನೆಗೆ ಬರಲಿಲ್ಲ" ಎನ್ನುವಾಗ ಉಸಿರು ಸಾಲದೆ ಕೊನೆಯ ಅಕ್ಷರ ನುಂಗಿಹೋಗಿ, ಹಿಂದಿನ ಸಾಲುಗಳಲ್ಲಿದ್ದ ನಮಗೆ "ಅಪ್ಪ ಮನೆಗೆ ಬರಲಿ" ಎಂದು ಕೇಳಿಸಿತು. ನಾವು ಆ ಅಪ್ಪನಿಗಾಗಿ ನಾಟಕ ಮುಗಿಯುವವರೆಗೂ ಕಾದೆವು. ಮಾತಿನ ನಡುವೆ ಒಮ್ಮೆ ಉಸಿರು ತೆಗೆದುಕೊಂಡು ತುದಿಗೆ ಸ್ವಲ್ಪ ಉಳಿಸಿಕೋ ಎಂದು ಯಾರಾದರೂ ಹೇಳಿದ್ದರೆ ಮರುದಿನದ ಪ್ರದರ್ಶನದಲ್ಲೇ ಅದು ಸರಿಹೋಗುತ್ತಿತ್ತು.

ಹಾಗೆ ಹೇಳುವ ರೂಢಿ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. 1949ರಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಹುಟ್ಟಿದ ಹೆಗ್ಗೋಡಿನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕವನ್ನು ಬೆಳಿಗ್ಗೆ ಕುಳಿತು ಚರ್ಚಿಸುತ್ತಾರೆ. ಒಂದು ನಿದ್ದೆ ಮುಗಿಯುವಷ್ಟರಲ್ಲಿ ಹೊಗಳಿಕೆಯ ಅಮಲೂ ತೆಗಳಿಕೆಯ ಪಿತ್ತವೂ ಇಳಿದಿರುತ್ತವೆ, ನಟನ ಮುಖದ ಬಣ್ಣವೂ ಹೋಗಿರುತ್ತದೆ. ನಮಗೆ ಬೆಳಗಿನವರೆಗೆ ಕಾಯುವ ವ್ಯವಧಾನವೆಲ್ಲಿದೆ? ಶಾಲು ಹಂಚಲು ಮಾತ್ರ ಮುಕ್ಕಾಲು ಗಂಟೆ ಸಿಗುತ್ತದೆ.

ನಿಜಕ್ಕೂ ಬೇಸರವಾಗುತ್ತದೆ. ಈ ಮಕ್ಕಳು ಕಾಲೇಜು ಮುಗಿಸಿ, ಮಳೆಯಲ್ಲಿ ನೆನೆದು, ಊರಿನ ಕೊನೆಯ ಬಸ್ಸು ತಪ್ಪಿದರೂ ತಾಲೀಮು ಬಿಡದೆ ಕಲಿತವರು. ಅವರಿಗೆ ಒಂದೇ ಒಂದು ಉಪಯೋಗದ ಮಾತು ಹೇಳಲಾರದಷ್ಟು ಸೋಮಾರಿಗಳು ನಾವು. ಆ ಸೋಮಾರಿತನಕ್ಕೆ ಪ್ರೋತ್ಸಾಹವೆಂದು ಹೆಸರಿಟ್ಟುಕೊಂಡಿದ್ದೇವೆ.

ಅಂದು ಆ ಹುಡುಗಿ ಬಾಗಿಲ ಬಳಿ ನನ್ನನ್ನೂ ಹಿಡಿದು "ಹೇಗಿತ್ತು ಸರ್?" ಎಂದು ಕೇಳಿದಳು. "ತುಂಬಾ ಚೆನ್ನಾಗಿತ್ತಮ್ಮಾ" ಎಂದೆ. "ಯಾವುದು ಸರ್?" ಎಂದಳು. ನಾನು ಕೊಡೆ ಹುಡುಕತೊಡಗಿದೆ.