ಡ್ರೈವರ್ ಇಲ್ಲದ ಫೋನು

ಫೋನು ಚಾರ್ಜ್ ಆಗುತ್ತಿತ್ತು. ನನ್ನ ದಾರಿ ತಪ್ಪಿಸಿದ್ದೇ ಅದು. ಬ್ಯಾಟರಿಯ ಚಿತ್ರದೊಳಗೆ ಮಿಂಚಿನ ಗುರುತು ಬಂದಿದೆ ಅಂದಮೇಲೆ ಕೇಬಲ್ ಸರಿಯಿದೆ, ಪೋರ್ಟ್ ಸರಿಯಿದೆ, ಫೋನೂ ಸರಿಯಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಕಂಪ್ಯೂಟರ್ ಮಾತ್ರ ‘ಟಿಣ್’ ಅನ್ನಲಿಲ್ಲ. ಬಾಗಿಲಲ್ಲಿ ನಿಂತ ನೆಂಟರನ್ನು ಕಂಡೂ ಕಾಣದವರ ಹಾಗೆ ಸುಮ್ಮನಿತ್ತು.

ಕೆಲಸವೇನೂ ದೊಡ್ಡದಲ್ಲ. ಫೋನಿನಲ್ಲಿ ಜಾಗ ಖಾಲಿಯಾಗಿತ್ತು, ಫೋಟೊಗಳನ್ನು ಕಂಪ್ಯೂಟರಿಗೆ ಸಾಗಿಸಬೇಕಿತ್ತು. “ಐದೇ ನಿಮಿಷ ಕಣೇ” ಎಂದು ಹೆಂಡತಿಗೆ ಹೇಳಿ ಕೂತೆ. ನನ್ನ ಐದು ನಿಮಿಷ ಎಷ್ಟು ಉದ್ದ ಅಂತ ಅವಳಿಗೆ ಗೊತ್ತು, ಅದಕ್ಕೇ ಉತ್ತರ ಕೊಡಲಿಲ್ಲ.

ಅಂತರ್ಜಾಲದಲ್ಲಿ ಹುಡುಕಿದೆ. ರೋಗ ಯಾವುದಾದರೇನು, ಎಲ್ಲರೂ ಬರೆದುಕೊಟ್ಟ ಮದ್ದು ಒಂದೇ: ಯುಎಸ್‌ಬಿ ಡ್ರೈವರ್ ಹಾಕಿ. ಡ್ರೈವರ್ ಅಂದರೆ ಫೋನಿನ ಮಾತನ್ನು ಕಂಪ್ಯೂಟರಿಗೆ ತಿಳಿಸಿ ಹೇಳುವ ದುಭಾಷಿ. ಅದಕ್ಕೆ ಈ ಹೆಸರು ಯಾಕೆ ಇಟ್ಟರೋ ಕಾಣೆ, ಗಾಡಿಯಂತೂ ಕೂತಲ್ಲಿಂದ ಕದಲುವುದಿಲ್ಲ.

ಸಿಕ್ಕಿದ ಪುಟದಲ್ಲಿ ಮೂರು ‘ಡೌನ್‌ಲೋಡ್’ ಬಟನ್‌ಗಳಿದ್ದವು. ಹಸಿರಾಗಿ ಹೊಳೆಯುತ್ತಿದ್ದ ಎರಡೂ ಜಾಹೀರಾತು. ಅಸಲಿಯದು ಮೂಲೆಯಲ್ಲಿ, ಕನ್ನಡಕ ಒರೆಸಿಕೊಂಡು ನೋಡಬೇಕಾದಷ್ಟು ಸಣ್ಣಗೆ. ನಾನು ದೊಡ್ಡದನ್ನೇ ಒತ್ತಿದೆ. ಯಾವುದೋ ತಂತ್ರಾಂಶ ಒಳಗೆ ಬಂದು, ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ ಎಂದು ಕೆಂಪಕ್ಷರದಲ್ಲಿ ಹೆದರಿಸಿ, ಪರಿಹಾರಕ್ಕೆ ದುಡ್ಡು ಕೇಳಿತು. ಅದನ್ನು ಹೊರಗೆ ದಬ್ಬುವುದರಲ್ಲೇ ಅರ್ಧ ಗಂಟೆ ಹೋಯಿತು.

ಕೊನೆಗೆ ಅಸಲಿ ಡ್ರೈವರಿನ ಜಿಪ್ ಫೈಲ್ ಇಳಿಯಿತು. ಅದರ ಸೂಚನೆ ಪ್ರಕಾರ ಮೊದಲು ಫೋನಿನಲ್ಲಿ ‘ಯುಎಸ್‌ಬಿ ಡಿಬಗ್ಗಿಂಗ್’ ಆನ್ ಮಾಡಬೇಕು. ಅದು ಎದುರಿಗೆಲ್ಲೂ ಇರುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಬಿಲ್ಡ್ ನಂಬರ್ ಹುಡುಕಿ, ಅದರ ಮೇಲೆ 7 ಸಲ ತಟ್ಟಬೇಕು. ಮಂತ್ರವಾದಿಯೇ ಬರೆದಿರಬೇಕು ಅನ್ನಿಸಿದರೂ ತಟ್ಟಿದೆ. ಏಳನೆಯ ಸಲಕ್ಕೆ ಫೋನು ಘೋಷಿಸಿತು: ನೀವೀಗ ಡೆವಲಪರ್! ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ, ಬೆರಳ ತುದಿಯಲ್ಲಿ ಪದವಿ. ಖುಷಿ ತಡೆಯಲಾರದೆ ಹೆಂಡತಿಗೆ ಕೂಗಿ ಹೇಳಿದೆ.

“ಅದಿರಲಿ ರೀ, ಫೋಟೊ ಬಂತಾ?” ಅಂದಳು ಒಳಗಿನಿಂದ.

ಡೆವಲಪರ್ ಆದವನು ಡಿವೈಸ್ ಮ್ಯಾನೇಜರಿಗೆ ಹೆದರುವುದುಂಟೇ? ತೆರೆದೆ. ಕಂಪ್ಯೂಟರಿಗೆ ಸೇರಿದ ಸಾಧನಗಳದ್ದೆಲ್ಲ ಉದ್ದನೆಯ ಪಟ್ಟಿ. ನನ್ನ ಫೋನಿನ ಹೆಸರು ಎಲ್ಲೂ ಇಲ್ಲ. ಬೇರೆ ಹೆಸರಿನಲ್ಲಿ ಅಡಗಿ ಕೂತಿರಬೇಕು ಎಂದು ಒಂದೊಂದನ್ನೇ ಅನುಮಾನದಿಂದ ನೋಡುತ್ತ ಬಂದೆ. ‘ಯುಎಸ್‌ಬಿ ಇನ್‌ಪುಟ್ ಡಿವೈಸ್’ ಎಂದು ಒಂದಲ್ಲ, ಎರಡು ಇದ್ದವು. ಸಿಕ್ಕಿಬಿದ್ದ ಕಳ್ಳ! ಯುಎಸ್‌ಬಿಯಲ್ಲಿ ಚುಚ್ಚಿದ್ದೇನೆ, ಫೋಟೊ ಒಳಗೆ ಬರಬೇಕಿದೆ, ಅಂದಮೇಲೆ ಇನ್‌ಪುಟ್ ಅಲ್ಲದೆ ಮತ್ತೇನು? ಎರಡನೆಯದನ್ನು ಆರಿಸಿ, ‘ಹ್ಯಾವ್ ಡಿಸ್ಕ್’ ಒತ್ತಿ, ಇಳಿಸಿಕೊಂಡ ಡ್ರೈವರನ್ನು ತೋರಿಸಿದೆ. ಈ ಡ್ರೈವರ್ ಈ ಸಾಧನಕ್ಕೆ ಹೊಂದದೇ ಇರಬಹುದು, ಹಾಕುವುದು ಒಳ್ಳೆಯದಲ್ಲ ಎಂದು ಕಂಪ್ಯೂಟರ್ ಎಚ್ಚರಿಸಿತು. ಪಾಪ, ಎದುರಿಗೆ ಕೂತವನು ಡೆವಲಪರ್ ಅಂತ ಅದಕ್ಕೇನು ಗೊತ್ತು. ‘ಯೆಸ್’ ಒತ್ತಿದೆ.

ಪರದೆಯ ಮೇಲಿನ ಬಾಣ ನಿಂತುಹೋಯಿತು.

ಮೌಸನ್ನು ಅಲ್ಲಾಡಿಸಿದೆ, ಕುಟ್ಟಿದೆ, ತಿರುಗಿಸಿ ಹೊಟ್ಟೆ ನೋಡಿದೆ. ಆಮೇಲೆ ಪಟ್ಟಿ ಕಣ್ಣಿಗೆ ಬಿತ್ತು. ‘ಆಂಡ್ರಾಯ್ಡ್ ಡಿವೈಸ್’ ಎಂಬ ಹೊಸ ಸಾಲು, ಅದರ ಪಕ್ಕದಲ್ಲಿ ಹಳದಿ ತ್ರಿಕೋನ. ಇನ್‌ಪುಟ್ ಡಿವೈಸ್ ಎರಡರಲ್ಲಿ ಒಂದು ಕೀಬೋರ್ಡು, ಇನ್ನೊಂದು ಮೌಸು. ನಾನು ಮೌಸಿಗೆ ಫೋನಿನ ಡ್ರೈವರ್ ಹಾಕಿದ್ದೆ. ಮೊದಲನೆಯದನ್ನು ಆರಿಸಿದ್ದರೆ ಕೀಬೋರ್ಡು ಫೋನಾಗಿರುತ್ತಿತ್ತು ಎಂದು ಸಮಾಧಾನ ಮಾಡಿಕೊಂಡು, ಟ್ಯಾಬ್ ಮತ್ತು ಬಾಣದ ಕೀಗಳಲ್ಲಿ ತೆವಳತೊಡಗಿದೆ. ಟ್ಯಾಬ್ ಒಂದು ವಿಚಿತ್ರ ಪ್ರಾಣಿ. ಬೇಕಾದ ಬಟನ್‌ಗೆ ಬಂದಿತು ಅನ್ನುವಷ್ಟರಲ್ಲಿ ಅದನ್ನು ದಾಟಿ, ಇಡೀ ಕಿಟಕಿಗೆ ಪ್ರದಕ್ಷಿಣೆ ಹಾಕಲು ಹೊರಡುತ್ತದೆ.

ಮೂರನೆಯ ಪ್ರದಕ್ಷಿಣೆಯ ಹೊತ್ತಿಗೆ ಮಗಳು ಬಂದಳು.

“ಅಪ್ಪಾ, ಇದು ನನ್ನ ಟೇಬಲ್ ಲ್ಯಾಂಪಿನ ಕೇಬಲ್ ಅಲ್ವಾ?”

“ಇರಬಹುದು. ಚಾರ್ಜ್ ಆಗ್ತಾ ಇದೆಯಲ್ಲ!”

“ಚಾರ್ಜ್ ಮಾತ್ರ ಆಗೋದು ಅಪ್ಪಾ ಇದರಲ್ಲಿ.”

ಸಾಮಾನ್ಯ ಯುಎಸ್‌ಬಿ 2.0 ಕೇಬಲಿನೊಳಗೆ ನಾಲ್ಕು ತಂತಿಗಳಿರುತ್ತವಂತೆ. ಎರಡು 5 ವೋಲ್ಟ್ ವಿದ್ಯುತ್ತಿಗೆ, ಎರಡು ಮಾಹಿತಿ ಸಾಗಿಸುವುದಕ್ಕೆ. ಚಾರ್ಜಿಗೆಂದೇ ಮಾಡಿದ ಅಗ್ಗದ ಕೇಬಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಲ್ಯಾಂಪಿಗೆ ಹೇಳಿಕೊಳ್ಳುವಂಥದ್ದು ಏನಿದೆ? ಮಾತು ಹೋಗಲು ದಾರಿಯೇ ಇಲ್ಲದ ಕಡೆ ನಾನು ದುಭಾಷಿಯನ್ನು ಹುಡುಕಿ ಲೋಕವೆಲ್ಲ ಸುತ್ತಿದ್ದೆ.

ಅವಳು ಬೇರೆ ಕೇಬಲ್ ತಂದು ಚುಚ್ಚಿದಳು. ಟಿಣ್! ಫೋಲ್ಡರೂ ತೆರೆಯಿತು, ಆದರೆ ಒಳಗೆ ಏನೂ ಇಲ್ಲ. ನಾನು ಜಿಪ್ ಫೈಲಿನ ಕಡೆ ನೋಡುವಷ್ಟರಲ್ಲಿ ಅವಳು ಫೋನಿನ ಲಾಕ್ ತೆಗೆದು, ಮೇಲಿನ ಪರದೆ ಎಳೆದು, ‘ಚಾರ್ಜಿಂಗ್’ ಎಂದಿದ್ದನ್ನು ‘ಫೈಲ್ ಟ್ರಾನ್ಸ್‌ಫರ್’ ಮಾಡಿದಳು. ಫೋಟೊಗಳು ದಬದಬನೆ ಬಂದು ಬಿದ್ದವು.

“ಹಾಗಾದರೆ ಡ್ರೈವರ್?” ಅಂದೆ.

ಬೇಕಾಗಿಯೇ ಇರಲಿಲ್ಲವಂತೆ. ಹಳೆಯ ಆಂಡ್ರಾಯ್ಡ್ ಫೋನುಗಳು ಕಂಪ್ಯೂಟರಿಗೆ ಪೆನ್ ಡ್ರೈವಿನಂತೆ ಕಾಣುತ್ತಿದ್ದವು. 2011ರಲ್ಲಿ ಬಂದ ಆಂಡ್ರಾಯ್ಡ್ 3.0ರಿಂದ ಫೈಲುಗಳನ್ನು ಸಾಗಿಸಲು ಎಂಟಿಪಿ ಎಂಬ ಬೇರೆ ಪದ್ಧತಿ ಶುರುವಾಯಿತು. ಅದಕ್ಕೆ ಬೇಕಾದ ಡ್ರೈವರ್ ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ನಾನು ಅಷ್ಟು ಕಷ್ಟಪಟ್ಟು ತಂದದ್ದು ಆ್ಯಪ್ ಬರೆಯುವವರು ಬಳಸುವ ಡ್ರೈವರ್. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆಗಿಂತ ನನ್ನದು ಒಂದು ಕೈ ಮೇಲು. ನಾನು ಮೌಸನ್ನೂ ಕೂಸು ಮಾಡಿದ್ದೆ.

ಮೌಸನ್ನು ಕಿತ್ತು ಪಕ್ಕದ ಪೋರ್ಟಿಗೆ ಚುಚ್ಚಿದ್ದೂ ಮಗಳೇ. ಅಲ್ಲಿ ಕಂಪ್ಯೂಟರ್ ಅದನ್ನು ಹೊಸ ಅತಿಥಿ ಎಂದುಕೊಂಡು ಸರಿಯಾದ ಡ್ರೈವರ್ ಕೊಟ್ಟಿತು, ಬಾಣ ಓಡಾಡಿತು. ಮೊದಲಿನ ಪೋರ್ಟಿನಲ್ಲಿ ಮಾತ್ರ ಈಗಲೂ ಮೌಸು ಚುಚ್ಚಿದರೆ ಹಳದಿ ತ್ರಿಕೋನದ ಫೋನಾಗಿಬಿಡುತ್ತದೆ. ಅದನ್ನು ಸರಿಮಾಡುತ್ತೇನೆ ಅಂದರೆ ಮನೆಯಲ್ಲಿ ಯಾರೂ ಬಿಡುತ್ತಿಲ್ಲ. ಆ ಪೋರ್ಟಿನ ಮೇಲೆ ಮಗಳು ಒಂದು ಚೀಟಿ ಅಂಟಿಸಿದ್ದಾಳೆ: ‘ಡೆವಲಪರ್‌ಗಳಿಗೆ ಮಾತ್ರ.’