ಕಪಿ, ಕಾಪಿ, ಕಾಫಿ

"ಅಪ್ಪಾ, ಏಪ್ ಅಂದ್ರೆ ಏನು?"

"ಮಂಗ," ಅಂದೆ, ಟೀವಿಯಿಂದ ಕಣ್ಣು ತೆಗೆಯದೆ.

"ಮಂಗ ಮಂಕಿ ಅಲ್ವಾ? ಮಂಕಿಗೆ ಬಾಲ ಇರುತ್ತೆ, ಏಪ್‌ಗೆ ಇರಲ್ಲ. ಅದೂ ಅಲ್ದೆ ಇಲ್ಲಿ ವರ್ಬ್ ಅಂತ ಕೊಟ್ಟಿದ್ದಾರೆ. ಸ್ವಂತ ವಾಕ್ಯ ಬರೀಬೇಕು."

ಎಂಟನೇ ಕ್ಲಾಸಿನ ಮಕ್ಕಳ ಮುಂದೆ ಬಾಯಿ ಬಿಡುವ ಮೊದಲು ಎರಡು ಸಲ ಯೋಚಿಸಬೇಕು. ಚಿಕ್ಕಮಗಳೂರಿನವನಾದ ನನಗೆ ಗಿರಿಯ ರಸ್ತೆಯಲ್ಲಿ ಚಿಪ್ಸ್ ಪ್ಯಾಕೆಟ್ ಕಿತ್ತುಕೊಳ್ಳುವ ಕೋತಿ ಗೊತ್ತು, ಮರದಿಂದ ಮರಕ್ಕೆ ಧುಮುಕುವ ಮುಸಿಯ ಗೊತ್ತು, ಕುದುರೆಮುಖದ ಕಡೆ ಸಿಂಗಳೀಕ ಇದೆ ಅಂತಲೂ ಗೊತ್ತು. ಮೂರಕ್ಕೂ ಬಾಲ ಇದೆ. ಬಾಲವಿಲ್ಲದ ಗೊರಿಲ್ಲಾ, ಚಿಂಪಾಂಜಿ ಆಫ್ರಿಕಾದವು. ನಮ್ಮ ದೇಶದ ಕಾಡಲ್ಲಿ ಏಪ್ ನೋಡಬೇಕಾದರೆ ಈಶಾನ್ಯದವರೆಗೆ ಹೋಗಿ ಹೂಲಾಕ್ ಗಿಬ್ಬನ್ ಹುಡುಕಬೇಕು.

"ಹಾಗಾದ್ರೆ ನಮ್ಮ ಜಿಲ್ಲೇಲಿ ಒಂದೂ ಏಪ್ ಇಲ್ಲ ಬಿಡು," ಅಂದೆ. ಮಗಳು ನನ್ನನ್ನೇ ನೋಡಿ ಮುಸಿಮುಸಿ ನಕ್ಕಳು. ಆಗ ನನಗೆ ಹೊಳೆಯಲಿಲ್ಲ.

ಡಿಕ್ಷನರಿ ತೆಗೆದೆವು. ಅಣಕಿಸು, ಅನುಕರಿಸು ಅಂತಿತ್ತು. ಆದರೆ ಇಂಗ್ಲಿಷಿನವರು ಅನುಕರಣೆಯಲ್ಲೂ ಜಾತಿ ಮಾಡಿದ್ದಾರೆ. ಸುಮ್ಮನೆ ಅನುಕರಿಸಿದರೆ ಇಮಿಟೇಟ್. ದೊಡ್ಡವರನ್ನು ನೋಡಿ ಅವರಂತಾಗಲು ಹೆಣಗಿದರೆ ಎಮ್ಯುಲೇಟ್, ಅದಕ್ಕೆ ಗೌರವ ಉಂಟು. ದನಿ, ನಡಿಗೆ ಹಿಡಿದು ಜನರನ್ನು ನಗಿಸಿದರೆ ಮಿಮಿಕ್. ಅದಕ್ಕೆ ಇಂಗ್ ಹಚ್ಚುವಾಗ ನಡುವೆ ಒಂದು ಕೆ ತುರುಕಬೇಕು, ಮರೆತರೆ ಅರ್ಧ ಮಾರ್ಕು ಹೋಯಿತು. ಅರ್ಥ ತಿಳಿಯದೆ ಹೇಳಿದ್ದನ್ನೇ ಹೇಳಿದರೆ ಪ್ಯಾರಟ್. ತನಗೆ ಒಪ್ಪುತ್ತದೋ ಇಲ್ಲವೋ ನೋಡದೆ ಇನ್ನೊಬ್ಬರದನ್ನು ತಂದು ಮೈಮೇಲೆ ಹಾಕಿಕೊಂಡು ನಗೆಪಾಟಲಾದರೆ, ಅದು ಏಪ್. ಗಿಳಿ, ಕಪಿ ಎರಡೂ ಬೇಲೂರಿನ ಮದನಿಕೆಯರ ಪಕ್ಕದಲ್ಲೇ ಇವೆ. ಒಬ್ಬಳು ಗಿಳಿಯ ಜೊತೆ ಮಾತಾಡುತ್ತಾಳೆ, ಇನ್ನೊಬ್ಬಳ ಸೀರೆಯನ್ನು ಕೋತಿ ಎಳೆಯುತ್ತದೆ. ಒಂಬೈನೂರು ವರ್ಷದಿಂದ ನಿಂತಿದ್ದಾರೆ. ಇಷ್ಟು ಹತ್ತಿರ ಇಟ್ಟುಕೊಂಡು ನಾನು ಡಿಕ್ಷನರಿ ತೆಗೆದೆ.

"ಉದಾಹರಣೆ ಕೊಡಿ ಅಪ್ಪಾ."

ಕೊಡಲಿಲ್ಲ. ಉದಾಹರಣೆ ಮೂಡಿಗೆರೆಯಲ್ಲಿ ಆಗಿತ್ತು, ಅದಕ್ಕೆ ಅವಳೇ ಸಾಕ್ಷಿ.

ಅದಕ್ಕೆ ಹದಿನೈದು ದಿನ ಮುಂಚೆ ಸ್ನೇಹಿತನೊಬ್ಬನ ಜೊತೆ ಹೋಗಿದ್ದಾಗ ಕಾಫಿ ಟೇಸ್ಟ್ ಮಾಡುವವರೊಬ್ಬರನ್ನು ನೋಡಿದ್ದೆ. ಮೇಜಿನ ಮೇಲೆ ಸಾಲು ಬಟ್ಟಲು. ಹಾಲಿಲ್ಲ, ಸಕ್ಕರೆ ಇಲ್ಲ, ಚಿಕೋರಿಯ ಹೆಸರೆತ್ತುವ ಹಾಗಿಲ್ಲ. ಪುಡಿಗೆ ಬಿಸಿನೀರು ಹೊಯ್ದು ನಾಲ್ಕು ನಿಮಿಷ ಬಿಟ್ಟರು. ಮೇಲೆ ಕಟ್ಟಿದ ಪದರವನ್ನು ಚಮಚದ ಬೆನ್ನಿಂದ ಒಡೆದು, ಬಗ್ಗಿ ಮೂಸಿದರು. ಆರಲು ಬಿಟ್ಟರು. ಆಮೇಲೆ ಒಂದು ಚಮಚ ಎತ್ತಿ ತುಟಿಗೆ ತಾಗಿಸಿ 'ಸುರ್ರ್ರ್' ಅಂತ ಎಳೆದ ಸದ್ದಿಗೆ ಬಾಗಿಲಲ್ಲಿ ಮಲಗಿದ್ದ ನಾಯಿ ತಲೆ ಎತ್ತಿತು. ಹಾಗೆ ಗಾಳಿ ಸೇರಿಸಿ ಎಳೆದರೆ ಕಾಫಿ ತುಂತುರಾಗಿ ನಾಲಿಗೆ ತುಂಬ ಹರಡಿ, ಘಮ ಬಾಯಿ ಹಿಂದಿನಿಂದ ಮೂಗಿಗೆ ಏರುತ್ತದಂತೆ. ಅವರು ಅಷ್ಟನ್ನೂ ಉಗಿದು, ಮುಂದಿನ ಬಟ್ಟಲಿಗೆ ಹೋದರು. ನಾನು ಆ ಸದ್ದನ್ನು ಮಾತ್ರ ಮನೆಗೆ ತಂದೆ.

ಮೂಡಿಗೆರೆಯಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳ ಮದುವೆ ಮಾತು. ಗಂಡಿನ ಕಡೆಯ ಹಿರಿಯರೊಬ್ಬರು ಗಂಜಿ ಹಾಕಿದ ಬಿಳಿ ಪಂಚೆ ಉಟ್ಟು ನನ್ನ ಎದುರಿಗೇ ಕೂತಿದ್ದರು. ತೋಟದವರು, ಮಾತು ಕಮ್ಮಿ. ಅವರ ಮುಂದೆ ಸ್ವಲ್ಪ ತೂಕ ಬರಲಿ ಅಂತ, ಕಾಫಿ ಬಂದ ಕೂಡಲೇ, "ಒಂದು ಚಮಚ ತಾಮ್ಮಾ," ಅಂದೆ.

"ಸಕ್ಕರೆ ಸಾಲ್ದಾ ಮಾವ?"

"ಸಕ್ಕರೆ ಅಲ್ಲ. ಕಾಫಿ ನೋಡೋ ಕ್ರಮ ಬೇರೆ ಇದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಲೋಟದಲ್ಲಿದ್ದದ್ದು ಆಗ ತಾನೇ ಒಲೆಯಿಂದಿಳಿದ ಹಾಲು, ಅರ್ಧಕ್ಕರ್ಧ ಚಿಕೋರಿಯ ಡಿಕಾಕ್ಷನ್, ಮೇಲೆ ನೊರೆ. ನಾನು ಮೊದಲು ಮೂಸಿದೆ. "ಎತ್ತರದ ತೋಟದ ಅರೇಬಿಕಾ," ಅಂತ ಅಪ್ಪಣೆ ಕೊಡಿಸಿದೆ. ಆಮೇಲೆ ಚಮಚ ತುಂಬಿ, ಪಕ್ಕೆಲುಬೆಲ್ಲ ಒಳಗೆ ಹೋಗುವಷ್ಟು ಜೋರಾಗಿ ಎಳೆದೆ.

ನಾಲಿಗೆ ಸುಟ್ಟಿತು. ಕೆನೆಯ ಒಂದು ಎಳೆ ಗಂಟಲಲ್ಲಿ ಕೂತಿತು. ಉಳಿದದ್ದು ನೆತ್ತಿಗೆ ಹತ್ತಿ, ಕೆಮ್ಮಿದ ರಭಸಕ್ಕೆ ಅಷ್ಟೂ ಬೀಗರ ಪಂಚೆಯ ಮೇಲೆ. ತುಂತುರಾಗಿಯೇ ಹರಡಿತು, ಅದೊಂದು ಮಾತ್ರ ಶಾಸ್ತ್ರದ ಪ್ರಕಾರ ನಡೆಯಿತು.

"ಯಾರೋ ನೆನೆಸ್ಕೊಂಡ್ರು ಅಂತ ಕಾಣ್ತದೆ, ನೀರು ಕೊಡಿ ಅವರಿಗೆ," ಅಂದರು ಆ ಪುಣ್ಯಾತ್ಮರು, ಪಂಚೆ ಕೊಡವಿಕೊಳ್ಳುತ್ತಾ. ಸ್ವಲ್ಪ ಹೊತ್ತು ಬಿಟ್ಟು, "ಅದು ನಮ್ಮ ತೋಟದ್ದೇ ಪುಡಿ. ರೊಬಸ್ಟಾ," ಅಂತ ಸೇರಿಸಿದರು.

ವಾಪಸು ಬರುವಾಗ ಬಸ್ಸಲ್ಲಿ ನನ್ನ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಒಂದೇ ಮಾತು ಹೇಳಿದಳು: "ಹುಲೀನ ನೋಡಿ ನರಿ ಬರೆ ಹಾಕ್ಕೊಂಡ ಹಾಗೆ." ಏಪ್ ಅನ್ನುವ ಕ್ರಿಯಾಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ಯಾವ ಡಿಕ್ಷನರಿಯೂ ಕೊಟ್ಟಿಲ್ಲ. ನನಗಂತೂ ಬರೆ ನಾಲಿಗೆಯ ಮೇಲೇ ಬಿದ್ದಿತ್ತು.

ಈ ಪದ ನಕಲು ಮಾಡುವುದಕ್ಕೆ ಬಳಕೆಯಾಗತೊಡಗಿ ನಾನೂರು ವರ್ಷದ ಹತ್ತಿರ ಬಂತು. ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರು ಅನ್ನುವ ಕಥೆಯೂ ಅದೇ 17ನೇ ಶತಮಾನದ್ದು. ಎರಡೂ ಇಷ್ಟು ದೂರ ಬಂದು ನನ್ನ ಚಮಚದಲ್ಲೇ ಭೇಟಿಯಾಗಬೇಕಿತ್ತೇ?

ಹೋಂವರ್ಕ್ ಪುಸ್ತಕ ಮಾರನೇ ವಾರ ಮನೆಗೆ ಬಂತು. ಕದ್ದು ನೋಡಿದೆ. 'ಮೈ ಫಾದರ್ ಏಪ್ಡ್ ಎ ಕಾಫಿ ಟೇಸ್ಟರ್' ಅಂತ ದುಂಡಗೆ ಬರೆದಿದ್ದಳು. ವ್ಯಾಕರಣ ಸರಿ ಇತ್ತು, ಏನೂ ಅನ್ನುವ ಹಾಗಿರಲಿಲ್ಲ. ಟೀಚರ್ ರೈಟ್ ಹಾಕಿ ಪಕ್ಕದಲ್ಲಿ ಗುಡ್ ಅಂತಲೂ ಬರೆದಿದ್ದರು.

ಸಂಬಂಧವೇನೋ ಕುದುರಿತು. ಈಗ ಆ ಬೀಗರ ಮನೆಗೆ ಹೋದರೆ ಎಲ್ಲರಿಗೂ ಕಾಫಿ, ನನಗೊಬ್ಬನಿಗೆ ಬಾದಾಮಿ ಹಾಲು, ಅದೂ ಆರಿಸಿ. ಚಮಚ ಕೊಡುವುದಿಲ್ಲ.