ನೂನ್ಯೆಸ್‌ಗೆ 8.5 ಕೋಟಿ ಪೌಂಡ್: ಒಂದು ಸ್ಪಷ್ಟನೆ

‘ಡಾರ್ವಿನ್ ನೂನ್ಯೆಸ್ ಮೇಲೆ ಲಿವರ್‌ಪೂಲ್ 8.5 ಕೋಟಿ ಪೌಂಡ್ ಸುರಿಯಿತು, ಅವನು ಗೋಲು ಕಂಬಕ್ಕೆ ಹೊಡೆದದ್ದೇ ಬಂತು’ ಎಂಬ ಮಾತು ಈ ಫುಟ್‌ಬಾಲ್ ಆಟಗಾರನ ಬಗ್ಗೆ ಹರಿದಾಡುತ್ತಿದೆ. ಅರ್ಧ ಸರಿ. 2022ರ ಒಪ್ಪಂದದಲ್ಲಿ ಅವರ ಹಿಂದಿನ ಕ್ಲಬ್ ಬೆನ್ಫಿಕಾಗೆ ಖಚಿತವಾಗಿ ಸಲ್ಲಬೇಕಿದ್ದದ್ದು ಸುಮಾರು 6.4 ಕೋಟಿ. ಉಳಿದದ್ದು ಆಡಿದ ಪಂದ್ಯಗಳು, ತಂಡದ ಯಶಸ್ಸು ಮುಂತಾದ ಷರತ್ತಿಗೆ ಕಟ್ಟಿದ ಹಣ, 8.5 ಎಂಬುದು ಗರಿಷ್ಠ ಮೊತ್ತ.

ಕಂಬದ ಮಾತು ಮಾತ್ರ ನಿಜ. 2023–24ರ ಪ್ರೀಮಿಯರ್ ಲೀಗ್‌ನಲ್ಲಿ 9 ಸಲ. ಅದರಲ್ಲಿ 4 ಚೆಲ್ಸಿ ವಿರುದ್ಧದ ಒಂದೇ ಪಂದ್ಯದಲ್ಲಿ, ಪೆನಾಲ್ಟಿಯೂ ಸೇರಿ! ಕಂಬಕ್ಕೆ ಬಡಿದು ಗೋಲಾಗದ ಹೊಡೆತವನ್ನು ‘ಆನ್ ಟಾರ್ಗೆಟ್’ (ಗುರಿಗೆ ಸರಿಯಾಗಿ ಹೋದದ್ದು) ಎಂದು ಎಣಿಸುವುದಿಲ್ಲ, ಹಾಗಾಗಿ ಅಂಕಿಅಂಶದಲ್ಲಿ ಅವರು ಇನ್ನೂ ಕಳಪೆಯಾಗಿ ಕಾಣುತ್ತಾರೆ. ಅದೇ ಲೀಗ್‌ನಲ್ಲಿ 11 ಗೋಲು, 8 ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಪಾಸ್). ದಂಡದ ಆಟಗಾರ ಎನ್ನುವವರು ಈ 8ನ್ನು ಬಿಟ್ಟೇ ಲೆಕ್ಕ ಹಾಕುತ್ತಾರೆ. ಆದರೂ 6.4 ಕೋಟಿಗೇ ಆಗಲಿ, 11 ಗೋಲು ಕಡಿಮೆಯೇ.